ಊರಿಗೆ ವಾಪಸ್ ಬರೋ ಮುಂಚೆ ಊರಲ್ಲೇ ಉಳಿದ ತಮ್ಮನ ಜೊತೆ ಮಾತಾಡಿ

ಪ್ರಶ್ನೆ: ನಂಗೆ 41 ವರ್ಷ. ಸೋಮವಾರಪೇಟೆ ತಾಲೂಕು ಶಾಂತಳ್ಳಿ ಕಡೆ ನಮ್ಮೂರು. ಪುಣೆಗೆ ಬಂದು 16 ವರ್ಷ ಆಯ್ತು. ಹೆಂಡತಿ ಧಾರವಾಡದವಳು, ಇಲ್ಲಿ ಸ್ಕೂಲಲ್ಲಿ ಟೀಚರ್, ಮಗಳಿಗೆ 9 ವರ್ಷ. ಊರಲ್ಲಿ ಅಪ್ಪಂಗೆ 74, ಅಮ್ಮಂಗೆ ಹೋದ ವರ್ಷ ಸಣ್ಣ ಸ್ಟ್ರೋಕ್ ಆಗಿತ್ತು, ಈಗ ಓಡಾಡ್ತಾಳೆ ಆದ್ರೆ ಎಡಗೈ ಇನ್ನೂ ಸರಿ ಹೋಗಿಲ್ಲ. 7 ಎಕರೆ ಕಾಫಿ ತೋಟ ಇದೆ, ತಮ್ಮನೇ ನೋಡ್ಕೋತಾನೆ, ಅವನ ಸಂಸಾರ ಅಪ್ಪ ಅಮ್ಮನ ಜೊತೆನೇ. ಅಕ್ಕನ್ನ ಸಕಲೇಶಪುರದ ಕಡೆ ಕೊಟ್ಟಿದೆ. ಕಂಪನಿಯವರು ಮನೆಯಿಂದ ಕೆಲಸ ಮಾಡೋಕೆ ಒಪ್ಪಿದಾರೆ, ಜೂನ್ ಒಳಗೆ ಊರಿಗೇ ಬಂದುಬಿಡೋಣ ಅಂತಿದೀನಿ. ಅಮ್ಮಂಗೆ ಹೇಳಿದೆ, ಖುಷಿಗೆ ಅತ್ತೇಬಿಟ್ಟಳು. ತಮ್ಮಂಗೆ ಹೇಳಿದ್ರೆ "ನಿನ್ನಿಷ್ಟ ಅಣ್ಣ" ಅಂದ, ಅಷ್ಟೇ. ಹೆಂಡತಿ ಒಪ್ಪಿದಾಳೆ. ಬರೋದು ಸರೀನಾ, ಏನೇನು ಯೋಚನೆ ಮಾಡ್ಬೇಕು ಹೇಳಿ.

ಉತ್ತರ:

ಬರೋದು ಸರಿ ಅಂತಾನೇ ನನ್ನ ಅಭಿಪ್ರಾಯ, ಅಮ್ಮನ ಆರೋಗ್ಯ ನೋಡಿದ್ರೆ ತುಂಬಾ ವರ್ಷ ಮುಂದಕ್ಕೆ ಹಾಕೋ ವಿಷಯಾನೂ ಅಲ್ಲ. ಆದ್ರೆ ಈ ಜೂನಿಗೇ ಅನ್ನೋದು ಬೇಡ, ಅಪ್ಪ ಅಮ್ಮ ಇರೋ ಅದೇ ಮನೆಗೆ ಅನ್ನೋದೂ ಬೇಡ, ಮತ್ತೆ ಇವೆರಡಕ್ಕಿಂತ ಮೊದಲು ತಮ್ಮನ ಜೊತೆ ಒಂದು ಸಲ ಸರಿಯಾಗಿ ಕೂತು ಮಾತಾಡದೆ ಪುಣೆ ಮನೆಯ ಒಂದು ಪಾತ್ರೆನೂ ಪ್ಯಾಕ್ ಮಾಡ್ಬೇಡಿ.

ನೀವು ಬರೆದಿರೋದರಲ್ಲಿ ನಾನು ಎರಡೆರಡು ಸಲ ಓದಿದ್ದು ಆ "ನಿನ್ನಿಷ್ಟ ಅಣ್ಣ" ಅನ್ನೋ ಮಾತನ್ನೇ. ಕೊಡಗಲ್ಲಿ ಕುಟುಂಬಗಳ ಕೌನ್ಸೆಲಿಂಗ್ ಮಾಡೋವಾಗ ಈ ಮಾತು ನಂಗೆ ಪದೇ ಪದೇ ಕೇಳ್ಸಿದೆ, ಹೊರಗಿಂದ ವಾಪಸ್ ಬಂದವರು ಅದನ್ನ ಒಪ್ಪಿಗೆ ಅಂದ್ಕೊಂಡಿರ್ತಾರೆ, ಊರಲ್ಲೇ ಉಳಿದವರು ಒಳಗೆ ಇಟ್ಕೊಂಡಿರೋದು ಬೇರೆನೇ ಇರತ್ತೆ. ನಿಮ್ಮ ತಮ್ಮ ಕೆಟ್ಟವನು ಅಂತಲ್ಲ, ನೀವು ಬರೋದು ಅವನಿಗೆ ಇಷ್ಟ ಇಲ್ಲ ಅಂತಾನೂ ಅಲ್ಲ. ಅವನ ಹತ್ರ ಯಾರೂ ಕೇಳಿಲ್ಲ, ಹೇಳಿದಾರೆ ಅಷ್ಟೇ. ಅಮ್ಮಂಗೆ ಮೊದಲು ಹೇಳಿ, ಅಮ್ಮ ಅತ್ತು, ಅದಾದ್ಮೇಲೆ ಅವನಿಗೆ ಫೋನಲ್ಲಿ ಗೊತ್ತಾದ್ರೆ ಅವನು ಇನ್ನೇನು ಹೇಳೋಕಾಗತ್ತೆ? ಬೇಡ ಅಂದ್ರೆ ಅಮ್ಮನ ಖುಷಿ ಕಿತ್ಕೊಂಡವನು ಆಗ್ತಾನೆ, ಆಯ್ತು ಬಾ ಅಂದ್ರೆ ಒಳಗಿರೋ ಭಯ ನುಂಗ್ಕೋಬೇಕು. ಅದಕ್ಕೆ ನಿನ್ನಿಷ್ಟ ಅಂದ.

ಅವನ ಕಡೆಯಿಂದ ಈ 16 ವರ್ಷ ಹೇಗಿತ್ತು ಅಂತ ಸ್ವಲ್ಪ ನೋಡಿ. ನೀವು ಹೋದಾಗ ಅವನು ಹುಡುಗ. ಆಮೇಲೆ ತೋಟ ಅವನ ತಲೆ ಮೇಲೆ ಬಿತ್ತು. ನಿಮ್ಮ ಕಡೆ ಜಾಸ್ತಿ ಅರೇಬಿಕಾ ಅಲ್ವಾ, ಬಿಳಿ ಕಾಂಡಕೊರಕ ಹುಳ ಬಂದ್ರೆ ಗಿಡ ಕಿತ್ತು ಸುಡೋದು ಬಿಟ್ಟು ಬೇರೆ ದಾರಿ ಇಲ್ಲ, ಹೊಸ ಗಿಡ ಹಾಕಿದ್ರೆ ಫಸಲು ಅಂತ ಕಣ್ಣಿಗೆ ಕಾಣೋಕೆ ಮೂರ್ನಾಲ್ಕು ವರ್ಷ. 2018ರ ಆಗಸ್ಟಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಮಾದಾಪುರ ಕಡೆ ಗುಡ್ಡಕ್ಕೆ ಗುಡ್ಡಾನೇ ಕುಸಿದು ಬಂದಾಗ ನೀವು ಟೀವಿಲಿ ನೋಡಿ ಹತ್ತತ್ತು ಸಲ ಫೋನ್ ಮಾಡಿರ್ತೀರ, ಅವನು ಆ ಮಳೆಲಿ ಅಪ್ಪ ಅಮ್ಮನ್ನ ಇಟ್ಕೊಂಡು ರಾತ್ರಿ ಎಚ್ಚರ ಇದ್ದ. 2019ರಲ್ಲೂ ಮಳೆ ಬಿಡಲಿಲ್ಲ. ಹಂಗೆ ಮಳೆ ಸುರಿದ್ರೆ ಗಿಡದಲ್ಲಿರೋ ಕಾಯಿ ಕೊಳೆತು ಉದುರತ್ತೆ, ಉಳಿದಿದ್ದನ್ನ ಕೊಯ್ದು ಕಣದಲ್ಲಿ ಹಾಕಿದಾಗ ಅಕಾಲ ಮಳೆ ಬರತ್ತೆ, ಕೊಯ್ಯೋಕೆ ಜನ ಸಿಗಲ್ಲ. ಹೋದ ವರ್ಷ ಅಮ್ಮಂಗೆ ಸ್ಟ್ರೋಕ್ ಆದಾಗ ಗಾಡಿ ತೆಗೆದು ಆಸ್ಪತ್ರೆಗೆ ಕರ್ಕೊಂಡು ಹೋದವರು ಯಾರು ಅಂತ ನೀವು ಬರೆದಿಲ್ಲ, ಆದ್ರೆ ಜೊತೆಲಿ ಇರೋರು ಅವರೇ ಗಂಡ ಹೆಂಡತಿ ತಾನೆ.

ಇನ್ನೊಂದು ವಿಷಯ ಇದೆ, ಇದನ್ನ ನಿಮಗೆ ಯಾರೂ ಮುಖಕ್ಕೆ ಹೇಳಲ್ಲ, ನಾನು ಹೇಳ್ತೀನಿ. 2024-25ರಲ್ಲಿ ಕಾಫಿಗೆ ನಮ್ಮ ಹಿರಿಯರು ಕಂಡು ಕೇಳದ ರೇಟ್ ಬಂತು. ಅದಾದ ಮೇಲೆ ಊರಿಗೆ ಬರ್ತೀನಿ ಅಂತ ಹೊರಗಿರೋ ಅಣ್ಣತಮ್ಮಂದಿರು ಯಾರೇ ಹೇಳಲಿ, ಉಳಿದವರ ಮನಸಲ್ಲಿ ಒಂದು ಲೆಕ್ಕ ಓಡೇ ಓಡತ್ತೆ, ರೇಟ್ ಇಲ್ದಾಗ ಬರ್ಲಿಲ್ವಲ್ಲ ಅಂತ. ನಿಮಗೆ ಆ ಯೋಚನೆ ಕನಸಲ್ಲೂ ಇಲ್ದೇ ಇರಬಹುದು, ನಿಮ್ಮ ಬರವಣಿಗೆ ನೋಡಿದ್ರೆ ಅಮ್ಮನ ಸಲುವಾಗಿ ಬರ್ತಿರೋದು ಅಂತ ಗೊತ್ತಾಗತ್ತೆ. ಆದ್ರೆ ನೀವು ಬಾಯಿ ಬಿಟ್ಟು ಹೇಳೋ ತನಕ ತಮ್ಮಂಗೆ ಅದು ಗೊತ್ತಾಗಲ್ಲ. ತಮ್ಮನ ಹೆಂಡತಿಗಂತೂ ಗೊತ್ತಾಗೋಕೆ ಸಾಧ್ಯನೇ ಇಲ್ಲ.

ಹಾಗಾಗಿ ಮೊದಲನೇ ಕೆಲಸ, ಒಬ್ಬರೇ ಊರಿಗೆ ಹೋಗಿ. ಹೆಂಡತಿ ಮಗಳು ಬೇಡ, ಅವರಿದ್ರೆ ಅದು ಹಬ್ಬ ಆಗ್ಬಿಡತ್ತೆ. ಕೊಯ್ಲಲ್ಲಿ ಹೋಗ್ಬೇಡಿ, ಅರೇಬಿಕಾ ನವೆಂಬರಿಂದ ಜನವರಿ ತನಕ ಅವನಿಗೆ ತಲೆ ಕೆರ್ಕೊಳ್ಳೋಕೂ ಟೈಮ್ ಇರಲ್ಲ, ಆಮೇಲೆ ಮೆಣಸು. ಕೊಯ್ಲೆಲ್ಲ ಮುಗಿದು ಹೂಮಳೆಗೆ, ಅಂದ್ರೆ ಕಾಫಿ ಹೂ ಅರಳಿಸೋ ಮಳೆಗೆ ಕಾಯ್ತಾ ಇರ್ತಾರಲ್ಲ, ಆ ಹೊತ್ತು ಒಳ್ಳೇದು. ಮನೆ ಒಳಗೆ ಅಪ್ಪ ಅಮ್ಮನ ಎದುರು ಕೂತು ಮಾತಾಡ್ಬೇಡಿ, ಅವನ ಜೊತೆ ತೋಟಕ್ಕೆ ಹೋಗಿ. ತೋಟದಲ್ಲಿ ಅವನು ದೊಡ್ಡವನು, ನೀವು ಚಿಕ್ಕವರು, ಅಲ್ಲಿ ಅವನಿಗೆ ಮಾತು ಬರತ್ತೆ.

ಅಲ್ಲಿ "ನಾನು ಬಂದು ನಿಂಗೆ ಸಹಾಯ ಮಾಡ್ತೀನಿ" ಅನ್ನೋ ಮಾತು ಬೇಡವೇ ಬೇಡ. ಸಹಾಯ ಅಂದ ತಕ್ಷಣ ಇಷ್ಟು ದಿನ ಅವನ ಕೈಲಿ ಆಗ್ತಿರಲಿಲ್ಲ ಅಂತ ಆಗತ್ತೆ. ಕೇಳಿ. ಅಮ್ಮನ ವಿಷಯದಲ್ಲಿ ನಿಂಗೆ ಯಾವುದು ಕಷ್ಟ ಆಗ್ತಿದೆ, ನಾನು ಹತ್ರ ಬಂದ್ರೆ ನಿಂಗೆ ಯಾವುದು ಹಗುರ ಆಗತ್ತೆ, ಯಾವುದು ತೊಂದರೆ ಆಗತ್ತೆ ಅಂತ. ಆಮೇಲೆ ಸುಮ್ನಿರಿ. ಅವನು ಏನೂ ಇಲ್ಲ ಅಣ್ಣ ಅಂತಾನೆ ಮೊದಲು, ಅದು ಉತ್ತರ ಅಲ್ಲ, ಇನ್ನೊಂದು ಸುತ್ತು ನಡೀರಿ. ಇನ್ನೊಂದು ಮಾತು ನೀವೇ ಮುಂದಾಗಿ ಹೇಳ್ಬೇಕು, ತೋಟದ ಯಜಮಾನಿಕೆ ನಿಂದೇ, ಯಾವ ಗೊಬ್ಬರ, ಯಾವಾಗ ಗಿಡ ಸವರೋದು, ಯಾರಿಗೆ ಮಾರೋದು ಇದರಲ್ಲಿ ನೀನು ಕೇಳದೆ ನಾನು ಬಾಯಿ ಹಾಕಲ್ಲ ಅಂತ. ಹೇಳಿದ ಮೇಲೆ ಹಾಗೇ ಇರ್ಬೇಕು ಕೂಡ, ಯೂಟ್ಯೂಬ್ ನೋಡಿ ಅವನಿಗೆ ಕಾಫಿ ಬೆಳೆಯೋದು ಹೇಳ್ಕೊಡೋದು ಬೇಡ. ತೋಟದ ಬಗ್ಗೆ ಆಸಕ್ತಿ ನಿಜವಾಗ್ಲೂ ಇದ್ರೆ ಚೆಟ್ಟಳ್ಳಿ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಅವನ ಜೊತೆ ಹೋಗಿ ಬನ್ನಿ, ಅವನು ಕೇಳೋ ಪ್ರಶ್ನೆ ಕೇಳಿಸ್ಕೊಳ್ಳಿ, ಅವನಿಗೆ ಎಷ್ಟು ಗೊತ್ತಿದೆ ಅಂತ ನಿಮಗೇ ಆಶ್ಚರ್ಯ ಆಗತ್ತೆ.

ಜಮೀನಿನ ಮಾತು ಅದೇ ದಿನ ಎತ್ತಬೇಕಾ ಅಂತ ಕೇಳಬಹುದು. ಅದೇ ದಿನ ಬೇಡ, ಆದ್ರೆ ನೀವು ವಾಪಸ್ ಬರೋ ಮುಂಚೆ ಆಗ್ಲೇಬೇಕು. ಪಾಲಿನ ಮಾತು ಅಪಶಕುನ, ಅಪ್ಪ ಇರೋವಾಗ ಅದನ್ನ ಆಡಬಾರ್ದು ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ನಂಗೆ ಅದು ಸರಿ ಅನ್ಸಲ್ಲ. ಅಪ್ಪ ಇರೋವಾಗ ಅಪ್ಪನ ಬಾಯಿಂದಲೇ ಆದ್ರೆ ಎಲ್ಲಾರೂ ಕೇಳ್ತಾರೆ, ಇಲ್ಲಾಂದ್ರೆ ಆಮೇಲೆ ಅಪ್ಪ ಹಂಗೆ ಹೇಳಿದ್ರು ಹಿಂಗೆ ಹೇಳಿದ್ರು ಅಂತ ಶುರು ಆಗತ್ತೆ. ಮೊದಲು ಪಹಣಿ ತೆಗೆಸಿ ನೋಡಿ, ಯಾರ ಹೆಸರಲ್ಲಿದೆ ಅಂತ. ತುಂಬಾ ಮನೆಗಳಲ್ಲಿ ಇನ್ನೂ ಅಜ್ಜನ ಹೆಸರೇ ಇರತ್ತೆ, ಪೌತಿ ಖಾತೆ, ಅಂದ್ರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾಯಿಸೋದು, ಆಗಿರೋದೇ ಇಲ್ಲ, ಅಂಥದ್ದನ್ನ ಈಗ್ಲೇ ಸರಿ ಮಾಡಿಸ್ಕೊಳ್ಳಿ. ಜಮ್ಮಾ ಬಾಣೆ, ಅಂದ್ರೆ ಕೊಡಗಲ್ಲಿ ತಲೆಮಾರಿಂದ ಕುಟುಂಬಕ್ಕೆ ಬಂದಿರೋ ಜಮೀನು, ಏನಾದ್ರೂ ಸೇರ್ಕೊಂಡಿದ್ರೆ ದಾಖಲೆಯ ಕಥೆನೇ ಬೇರೆ, ಪಟ್ಟೇದಾರ್ (ಕುಟುಂಬದ ಪರವಾಗಿ ದಾಖಲೆಯಲ್ಲಿರೋ ಹಿರಿಯ) ಹೆಸರಿನ ಜೊತೆ ಇಡೀ ಕುಟುಂಬ ಬರತ್ತೆ, ಕೊಡಗಿನ ಕಂದಾಯ ಕೇಸು ನಡೆಸಿ ಗೊತ್ತಿರೋ ವಕೀಲರಿಗೇ ತೋರಿಸಿ, ಪುಣೆ ಬೆಂಗಳೂರಿನ ಫ್ರೆಂಡ್ ವಕೀಲರು ಸಾಕಾಗಲ್ಲ.

ಮತ್ತೆ ಅಕ್ಕ. ನಿಮ್ಮ ಪ್ರಶ್ನೆಯಲ್ಲಿ ಅಕ್ಕಂಗೆ ಒಂದೇ ಸಾಲು, "ಸಕಲೇಶಪುರದ ಕಡೆ ಕೊಟ್ಟಿದೆ" ಅಂತ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಅಂತ 2005ರ ತಿದ್ದುಪಡಿ ಹೇಳತ್ತೆ, ಆ ಹಕ್ಕು ಹುಟ್ಟಿನಿಂದಲೇ ಬರೋದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಡಿಸಿ ಹೇಳಿದೆ. ಅಪ್ಪ ಸ್ವಂತ ದುಡ್ಡಲ್ಲಿ ತಗೊಂಡಿದ್ದಾದ್ರೆ ಅದು ಅವರ ಇಷ್ಟ. ಅಕ್ಕ ಬೇಡ ಅನ್ನಬಹುದು, ಬೇಕು ಅನ್ನಬಹುದು, ಆದ್ರೆ ಅವರನ್ನ ಕೂರಿಸ್ಕೊಂಡೇ ಮಾತಾಡಿ, ಅಣ್ಣ ತಮ್ಮ ಇಬ್ಬರೇ ಮುಗಿಸಿಬಿಟ್ಟು ಕೊನೆಗೆ ಸೈನ್ ಹಾಕು ಅಂತ ಪೇಪರ್ ಹಿಡ್ಕೊಂಡು ಹೋಗೋದು ಬೇಡ.

ತಮ್ಮನ ದುಡಿಮೆ ಯಾವ ಪಹಣಿಲೂ ಬರ್ದಿರಲ್ಲ. ಕಾಂಡಕೊರಕ ಬಂದ ಗಿಡ ತೆಗೆದು ಹೊಸದು ಹಾಕಿದ್ದು, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದು, ಕಣ ಮಾಡಿಸಿದ್ದು, ಬ್ಯಾಂಕಿನ ಬೆಳೆ ಸಾಲ ಇದ್ರೆ ಅದು, ಇದನ್ನೆಲ್ಲ ಲೆಕ್ಕಕ್ಕೆ ತಗೊಳ್ದೆ ಸಮ ಸಮ ಅಂದ್ರೆ ಕಾನೂನಿನ ಪ್ರಕಾರ ಸರಿ ಇರಬಹುದು, ಆದ್ರೆ ಆ ಮನೆಲಿ ಮತ್ತೆ ಒಟ್ಟಿಗೆ ಊಟ ಮಾಡೋಕಾಗಲ್ಲ. ಇದನ್ನ ಎತ್ತಬೇಕಾದವರು ನೀವೇ, ಯಾಕಂದ್ರೆ ಅವನು ಕೇಳಿದ್ರೆ ಲೆಕ್ಕ ಆಗತ್ತೆ, ನೀವು ಹೇಳಿದ್ರೆ ಮರ್ಯಾದೆ ಆಗತ್ತೆ. ಒಪ್ಪಿಗೆ ಆದ್ಮೇಲೆ ಪಾಲುಪಟ್ಟಿ ಮಾಡೋದಾದ್ರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸಿ. ಅಪ್ಪ ಅಮ್ಮ ಜೀವನಾಂಶಕ್ಕೆ ಅಂತ ಏನೂ ಇಟ್ಕೊಳ್ದೆ ಎಲ್ಲಾ ಬರ್ಕೊಟ್ಟುಬಿಡೋದು ಮಾತ್ರ ಬೇಡ. ಕೊಡೋದಾದ್ರೂ ನಮ್ಮನ್ನ ನೋಡ್ಕೋಬೇಕು ಅನ್ನೋ ಷರತ್ತು ಪತ್ರದಲ್ಲೇ ಇರಲಿ, ಅಂಥ ಷರತ್ತು ಇದ್ದು ಮಕ್ಕಳು ನಡೆಸಿಕೊಡದೇ ಹೋದ್ರೆ 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ಆ ದಾನಪತ್ರ ರದ್ದು ಮಾಡಿಸೋಕೆ ದಾರಿ ಇರತ್ತೆ. ನೀವು ಅಣ್ಣತಮ್ಮ ಹಾಗೆ ಮಾಡೋರಲ್ಲ, ಆದ್ರೂ ವಯಸ್ಸಾದವರಿಗೆ ಅದೊಂದು ಧೈರ್ಯ.

ಈಗ ಮನೆ ವಿಷಯ. ಅದೇ ಮನೆಗೆ ಬೇಡ ಅಂತ ಯಾಕೆ ಅಂದೆ ಅಂದ್ರೆ, ಆ ಅಡುಗೆಮನೆ ಇಷ್ಟು ವರ್ಷದಲ್ಲಿ ನಿಮ್ಮ ತಮ್ಮನ ಹೆಂಡತಿದಾಗಿದೆ. ಅಮ್ಮಂಗೆ ಸ್ಟ್ರೋಕ್ ಆದ ಮೇಲಂತೂ ಪೂರ್ತಿ ಅವರದೇ. ಅಲ್ಲಿಗೆ ಇನ್ನೊಬ್ಬ ಸೊಸೆ, ಅದೂ ಹಿರೀ ಸೊಸೆ, ಧಾರವಾಡದಿಂದ ಬಂದವರು, ಪುಣೆಲಿ ಸ್ವಂತ ಸಂಬಳ ತಗೋತಿದ್ದವರು ಬಂದು ನಿಂತ್ರೆ ಇಬ್ಬರಿಗೂ ಜಾಗ ಇರಲ್ಲ, ಇಬ್ಬರೂ ಒಳ್ಳೆಯವರಾಗಿದ್ದರೂ ಅಷ್ಟೇ. ಸೋಮವಾರಪೇಟೆಲೋ ಕುಶಾಲನಗರದಲ್ಲೋ ಬಾಡಿಗೆ ಮನೆ ನೋಡಿ. ನನ್ನ ಒಲವು ಕುಶಾಲನಗರದ ಕಡೆಗೆ. ಶಾಂತಳ್ಳಿಗೆ ಹೋಲಿಸಿದ್ರೆ ಅಲ್ಲಿ ಮಳೆ ಎಷ್ಟೋ ಕಮ್ಮಿ, ಮೈಸೂರು ರಸ್ತೆ ಮೇಲೇ ಇದೆ, ನಿಮ್ಮ ಹೆಂಡತಿಗೆ ಟೀಚರ್ ಕೆಲಸ ಸಿಗೋ ಸಾಧ್ಯತೆ ಹಳ್ಳಿಗಿಂತ ಜಾಸ್ತಿ, ಇಂಟರ್ನೆಟ್ ಬಗ್ಗೆನೂ ಅಷ್ಟು ತಲೆನೋವಿಲ್ಲ. ಊರಿಗೆ ಸುಮಾರು ಒಂದು ಗಂಟೆ ದಾರಿ. ಅಮ್ಮಂಗೆ ಇದು ಬೇಜಾರಾಗತ್ತೆ, ಒಂದೇ ಸೂರಿನ ಕೆಳಗೆ ಇರ್ಬೇಕು ಅಂತ ಅವರಿಗಿರತ್ತೆ. ಪುಣೆಯಿಂದ ವರ್ಷಕ್ಕೆರಡು ಸಲ ಬರ್ತಿದ್ದ ಮಗ ಪ್ರತಿ ವಾರ ಬರ್ತಾನೆ, ಮೊಮ್ಮಗಳು ಶನಿವಾರ ರಾತ್ರಿ ಅಜ್ಜಿ ಪಕ್ಕ ಮಲಗ್ತಾಳೆ ಅನ್ನೋದನ್ನ ಎರಡು ತಿಂಗಳು ಅನುಭವಿಸಿದ್ರೆ ಅವರೇ ಒಪ್ತಾರೆ. ಊರಲ್ಲೇ ಬೇರೆ ಮನೆ ಕಟ್ಟೋ ಯೋಚನೆ ಇದ್ರೆ ಎರಡು ವರ್ಷ ಬಿಡಿ, ಮತ್ತೆ ದಯವಿಟ್ಟು ಗುಡ್ಡ ಕಡಿದು ಸಮ ಮಾಡಿ ಕಟ್ಟೋಕೆ ಹೋಗ್ಬೇಡಿ, ವ್ಯೂ ಚೆನ್ನಾಗಿದೆ ಅಂತ ಇಳಿಜಾರು ಕಡಿಯೋದು ಎಷ್ಟು ಅಪಾಯ ಅಂತ 2018 ಆದ ಮೇಲೆ ಯಾರಿಗೂ ಹೊಸದಾಗಿ ಹೇಳ್ಬೇಕಾಗಿಲ್ಲ.

ಜೂನ್ ಬೇಡ ಅಂದಿದ್ದು ಮಳೆಗಾಲ ನೋಡದೆ ನಿರ್ಧಾರ ಮಾಡಬಾರ್ದು ಅಂತ. ನೀವು ಶಾಂತಳ್ಳಿ ಮಳೆಲೇ ಬೆಳೆದವರು, ನಿಮಗೆ ಗೊತ್ತು, ಆದ್ರೆ ನಿಮ್ಮ ಹೆಂಡತಿ ಮಗಳು ಊರು ನೋಡಿರೋದು ಯಾವಾಗ? ಡಿಸೆಂಬರ್ ರಜದಲ್ಲಿ, ಇಲ್ಲಾ ಏಪ್ರಿಲಲ್ಲಿ ಸುಗ್ಗಿ ಹಬ್ಬಕ್ಕೆ ಬಂದಾಗ ತಾನೆ. ಆಗ ಯಾರಿಗಾದ್ರೂ ಇಲ್ಲೇ ಇದ್ದುಬಿಡೋಣ ಅನ್ಸತ್ತೆ. ಈ ಸಲ ಜುಲೈಯಲ್ಲಿ ನೀವು ಲ್ಯಾಪ್‌ಟಾಪ್ ಹಿಡ್ಕೊಂಡು ಒಂದು ತಿಂಗಳು ಬಂದು ಊರಿಂದಲೇ ಕೆಲಸ ಮಾಡಿ ನೋಡಿ, ಹೆಂಡತಿ ಮಗಳು ರಜ ಹಾಕಿ ಹತ್ತು ದಿನ ಆದ್ರೂ ಬರಲಿ. ಮರ ಬಿದ್ದು ಕರೆಂಟ್ ಹೋದ್ರೆ ಎಷ್ಟು ದಿನಕ್ಕೆ ಬರತ್ತೆ, ಇನ್ವರ್ಟರ್ ಎಷ್ಟು ಹೊತ್ತು ತಡೆಯತ್ತೆ, ಮೀಟಿಂಗ್ ಮಧ್ಯ ನೆಟ್ ಹೋದ್ರೆ ನಿಮ್ಮ ಕಂಪನಿಯವರು ಎಷ್ಟು ಸಹಿಸ್ಕೋತಾರೆ, ಬಟ್ಟೆ ಒಣಗದೆ ವಾಸನೆ ಬರೋವಾಗ, ಬಿಸಿಲೇ ಕಾಣದೆ ವಾರಗಟ್ಲೆ ಇರೋವಾಗ ಹೆಂಡತಿಗೆ ಮನಸು ಹೇಗಿರತ್ತೆ, ಇದೆಲ್ಲ ಆ ಒಂದು ತಿಂಗಳಲ್ಲಿ ಗೊತ್ತಾಗತ್ತೆ. ಮಳೆಲಿ ಮಂಕಾಗೋರು ಇರ್ತಾರೆ, ಅದು ನಾಟಕ ಅಲ್ಲ, ನಿಜ. ಆ ಪರೀಕ್ಷೆ ಪಾಸಾದ್ರೆ ಮುಂದಿನ ವರ್ಷ ಮಗಳ ಪರೀಕ್ಷೆ ಮುಗಿಸ್ಕೊಂಡು ಏಪ್ರಿಲ್-ಮೇ ತಿಂಗಳಲ್ಲಿ ನಿಧಾನಕ್ಕೆ ಬನ್ನಿ, ಸ್ಕೂಲ್ ಅಡ್ಮಿಶನ್ನಿಗೂ ಅದೇ ಸರಿಯಾದ ಟೈಮು.

"ಹೆಂಡತಿ ಒಪ್ಪಿದಾಳೆ" ಅಂತ ಬರೆದಿದೀರ. ಏನನ್ನ ಒಪ್ಪಿದಾರೆ ಅಂತ ಕೇಳಿ ನೋಡಿ. ಊರಿಗೆ ಬರೋದನ್ನಾ, ಕೆಲಸ ಬಿಡೋದನ್ನಾ, ಅತ್ತೆನ ನೋಡ್ಕೊಳ್ಳೋದನ್ನಾ? ಮೂರೂ ಬೇರೆ ಬೇರೆ. ಗಂಡ ಆಫೀಸ್ ಕೆಲಸ ಅಂತ ರೂಮ್ ಬಾಗಿಲು ಹಾಕ್ಕೊಂಡು ಕೂತ್ರೆ ಅಮ್ಮನ ಸ್ನಾನ, ಮಾತ್ರೆ, ಕೈಗೆ ವ್ಯಾಯಾಮ ಮಾಡಿಸೋದು ಯಾರ ಪಾಲಿಗೆ ಬರತ್ತೆ ಅಂತ ಹೇಳೋದೇ ಬೇಡ. ಅಮ್ಮನ ಸಲುವಾಗಿ ಬರ್ತಿರೋರು ನೀವು, ಹಾಗಾಗಿ ಅಮ್ಮನ ಕೆಲಸದಲ್ಲಿ ನಿಮ್ಮ ಕೈ ಯಾವುದರಲ್ಲಿ ಇರತ್ತೆ ಅಂತ ಈಗ್ಲೇ ಗಟ್ಟಿ ಮಾಡ್ಕೊಳ್ಳಿ. ಫಿಸಿಯೋಥೆರಪಿಗೆ ಕರ್ಕೊಂಡು ಹೋಗೋದು ನಂದು, ಬಿಪಿ ಮಾತ್ರೆ ತರೋದು ನಂದು, ಡಾಕ್ಟರ್ ಹತ್ರ ಪ್ರತಿ ಸಲ ಹೋಗೋದು ನಂದು, ಹೀಗೆ. ಮಗಳ ಬಗ್ಗೆ ನಂಗೆ ಅಷ್ಟು ಚಿಂತೆ ಇಲ್ಲ, 9 ವರ್ಷದ ಮಕ್ಕಳು ಹೊಸ ಸ್ಕೂಲಿಗೆ ಬೇಗ ಹೊಂದ್ಕೋತಾರೆ, ಕನ್ನಡ ಓದೋಕೆ ಬರಿಯೋಕೆ ಮಾತ್ರ ಈಗಿಂದಲೇ ಶುರು ಮಾಡಿಸಿ.

ಅಮ್ಮನ ಆರೋಗ್ಯದ ಬಗ್ಗೆ ಒಂದು ಮಾತು ಹೇಳ್ಲೇಬೇಕು, ನೀವು ಬರಲಿ ಬಿಡಲಿ ಇದು ಈ ವಾರವೇ ಆಗ್ಬೇಕಾದ್ದು. ಒಂದು ಸಲ ಸ್ಟ್ರೋಕ್ ಆದವರಿಗೆ ಇನ್ನೊಂದು ಸಲ ಆಗೋ ಅಪಾಯ ಬೇರೆಯವರಿಗಿಂತ ಜಾಸ್ತಿ. ರಕ್ತ ಹೆಪ್ಪುಗಟ್ಟಿ ಆಗೋ ಸ್ಟ್ರೋಕಿಗೆ ಹೆಪ್ಪು ಕರಗಿಸೋ ಇಂಜೆಕ್ಷನ್ನು ನಾಲ್ಕೂವರೆ ಗಂಟೆ ಒಳಗೆ ಆಗ್ಬೇಕು, ಅದಕ್ಕೂ ಮುಂಚೆ ಸಿಟಿ ಸ್ಕ್ಯಾನ್ ಆಗ್ಬೇಕು. ಬಾಯಿ ಸೊಟ್ಟ ಆಗೋದು, ಒಂದು ಕಡೆ ಕೈ ಎತ್ತೋಕಾಗದೇ ಇರೋದು, ಮಾತು ತೊದಲೋದು, ಇಷ್ಟರಲ್ಲಿ ಒಂದು ಕಂಡ್ರೂ ಸ್ವಲ್ಪ ಮಲಗಲಿ ನೋಡೋಣ ಅಂತ ಕಾಯೋ ಹಾಗಿಲ್ಲ, ಯಾವ ಹೊತ್ತಿಗೆ ಶುರು ಆಯ್ತು ಅಂತ ಗಡಿಯಾರ ನೋಡಿ ಬರ್ಕೊಂಡು ಹೊರಡಬೇಕು. ಶಾಂತಳ್ಳಿಯಿಂದ ಮಡಿಕೇರಿಗೋ ಹಾಸನಕ್ಕೋ ಮೈಸೂರಿಗೋ, ಮಳೆಲಿ ಯಾವ ರಸ್ತೆ, ರಾತ್ರಿ ಹೊತ್ತು ಸಿಟಿ ಸ್ಕ್ಯಾನ್ ಎಲ್ಲಿ ಇರತ್ತೆ, 108 ಬರೋಕೆ ಎಷ್ಟು ಹೊತ್ತು, ಮನೆ ಗಾಡಿಲೇ ಹೊರಟ್ರೆ ಬೇಗಾನಾ, ಇದನ್ನ ತಮ್ಮನೂ ನೀವೂ ಕೂತು ಮೊದಲೇ ಮಾತಾಡಿ ಇಟ್ಕೊಳ್ಳಿ. ಡಿಸ್ಚಾರ್ಜ್ ಪೇಪರು, ಮಾತ್ರೆ ಚೀಟಿ ಎಲ್ಲಾ ಒಂದು ಫೈಲಲ್ಲಿ ಹಾಕಿ ಬಾಗಿಲ ಹತ್ರ ಇಡಿ. ಇದೇ ಕಾರಣಕ್ಕೆ ಕುಶಾಲನಗರ ಒಂದು ಗಂಟೆ ದೂರ ಅಂತ ಅಮ್ಮ ಕೊರಗಿದ್ರೆ ನೀವು ಕೊರಗಬೇಡಿ, ತುರ್ತು ಹೊತ್ತಲ್ಲಿ ಹೊರಡೋದು ಪಕ್ಕದಲ್ಲಿರೋ ತಮ್ಮನೇ, ನೀವು ಆಸ್ಪತ್ರೆ ಬಾಗಿಲಲ್ಲಿ ಸಿಗ್ತೀರ. ಪುಣೆಯಲ್ಲಿದ್ರೆ ಅದೂ ಆಗಲ್ಲ.

ದುಡ್ಡಿನದ್ದು ಜಾಸ್ತಿ ಹೇಳೋಕಿಲ್ಲ. ನಿಮ್ಮ ಸಂಬಳದಲ್ಲೇ ನಿಮ್ಮ ಸಂಸಾರ ನಡೀಬೇಕು, ತೋಟದ ಆದಾಯ ಲೆಕ್ಕಕ್ಕೆ ಹಿಡೀಲೇಬೇಡಿ. ಕಾಫಿ ವರ್ಷಕ್ಕೊಂದು ಸಲದ ದುಡ್ಡು, ರೇಟ್ ಯಾವಾಗ ಬೀಳತ್ತೆ ಅಂತ ಯಾರಿಗೂ ಹೇಳೋಕಾಗಲ್ಲ. ಕಂಪನಿಯವರ ಒಪ್ಪಿಗೆ ಬಾಯಿಮಾತಲ್ಲಿ ಇದ್ರೆ ಈಮೇಲಲ್ಲಿ ತಗೊಳ್ಳಿ, ಎಷ್ಟು ವರ್ಷಕ್ಕೆ, ಆಫೀಸಿಗೆ ಯಾವಾಗ ಬರ್ಬೇಕಾಗತ್ತೆ ಅಂತ ಸೇರಿಸಿ, ಯಾಕಂದ್ರೆ ವಾಪಸ್ ಕರೆದ್ರೆ ಎರಡನೇ ಸಲ ಮನೆ ಕಿತ್ಕೊಂಡು ಹೋಗೋದು ಮಗಳಿಗೂ ಅಮ್ಮಂಗೂ ಮೊದಲನೇ ಸಲಕ್ಕಿಂತ ಕಷ್ಟ.

ಇಷ್ಟೆಲ್ಲ ಮಾತಾಡಿದ ಮೇಲೂ ತಮ್ಮ ಬೇಡ ಅಣ್ಣ ಅಂದುಬಿಟ್ರೆ? ಹಾಗೆ ಬಾಯಿಬಿಟ್ಟು ಅಂದ್ರೆ ಅದು "ನಿನ್ನಿಷ್ಟ"ಕ್ಕಿಂತ ಒಳ್ಳೇದು, ಯಾಕೆ ಅಂತ ಕೇಳೋಕೆ ಬಾಗಿಲು ತೆರೆಯತ್ತೆ. ಜಮೀನಿನ ಭಯ ಆದ್ರೆ ಪಾಲಿನ ಮಾತು ಮೊದಲು ಮುಗಿಸಿ, ಆಮೇಲೆ ಬನ್ನಿ. ಇಷ್ಟು ವರ್ಷದ ಸಿಟ್ಟು ಆದ್ರೆ ಕೇಳಿಸ್ಕೊಳ್ಳಿ, ನಾನೂ ದುಡ್ಡು ಕಳಿಸ್ತಿದ್ನಲ್ಲ ಅಂತ ಉತ್ತರ ಕೊಡ್ಬೇಡಿ, ಒಂದೆರಡು ತಿಂಗಳು ಬಿಟ್ಟು ಮತ್ತೆ ಹೋಗಿ. ಹೆಚ್ಚಿನ ಮನೆಗಳಲ್ಲಿ ಉಳಿದವರಿಗೆ ಬೇಕಾಗಿರೋದು ನೀನು ಇಷ್ಟು ಮಾಡಿದೀಯ ಅಂತ ಅಣ್ಣನ ಬಾಯಿಂದ ಒಂದು ಮಾತು, ಅದು ಬಂದ ಮೇಲೆ ಅವರೇ ಮನೆ ಹುಡುಕೋಕೆ ಬರ್ತಾರೆ, ನಾನು ನೋಡಿದೀನಿ.

ಬಂದಾದ ಮೇಲೆ ಮೊದಲ ಕೆಲವು ತಿಂಗಳು ಭಾನುವಾರ ಊರಿಗೆ ಊಟಕ್ಕೆ ಹೋಗೋ ಮುಂಚೆ ಅಮ್ಮಂಗಲ್ಲ, ತಮ್ಮನ ಹೆಂಡತಿಗೆ ಫೋನ್ ಮಾಡಿ ಹೇಳಿ ಹೋಗಿ.